ಬೊಂತೆಯಿಂದ ಮಿಷನ್ ಕೌದಿಗೆ: ಸಿದ್ದರಬೆಟ್ಟದ ಸೀಮೆಯಲ್ಲಿ ಮನೆಹೊಲಿಗೆಯ ಕಸುಬು

ತುಮಕೂರು ಜಿಲ್ಲೆಯ ಉತ್ತರ ಭಾಗದ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಆಡಳಿತದ ದೃಷ್ಟಿಯಿಂದ ಬೇರೆ ಬೇರೆಯಾಗಿದ್ದರೂ ಜನಜೀವನದ ದೃಷ್ಟಿಯಿಂದ ಒಂದೇ ಸೀಮೆ. ಕೊರಟಗೆರೆ ತಾಲ್ಲೂಕಿನಲ್ಲಿರುವ ಸಿದ್ದರಬೆಟ್ಟ ಈ ಸೀಮೆಯ ಒಂದು ಗುರುತು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ದಾಟಿ ಆಂಧ್ರದ ಕಡೆಗೆ ಹರಿಯುತ್ತದೆ. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದಿದೆ. ಕಲ್ಲುಬೆಟ್ಟಗಳು, ಬತ್ತಿದ ಕೆರೆಗಳು, ಕಡಲೆಕಾಯಿ ಬೆಳೆಯುವ ಕೆಂಪು ನೆಲ, ಕುರಿಮಂದೆಗಳು, ಮತ್ತೆ ಮತ್ತೆ ಬರುವ ಬರ, ಬರದ ಬೆನ್ನಿಗೆ ಬೆಂಗಳೂರಿನ ಕಡೆಗೆ ಹೊರಡುವ ಜನ: ಇವು ಈ ಸೀಮೆಯ ಲಕ್ಷಣಗಳು. ಬೇಸಗೆಯಲ್ಲಿ ಕಲ್ಲು ಕಾದು ಸುಡುವ ಈ ನೆಲದಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಗಳು ಅಷ್ಟೇ ಕೊರೆಯುತ್ತವೆ. ಆದ್ದರಿಂದ ಹೊದಿಕೆ ಇಲ್ಲಿ ಅಲಂಕಾರದ ವಸ್ತುವಲ್ಲ.

ಈ ಸೀಮೆಯ ಹೊದಿಕೆ ಎಂದೊಡನೆ ವಿದ್ವಾಂಸರಿಗೆ ನೆನಪಾಗುವುದು ಕಂಬಳಿ. ಅದು ಸಹಜವೂ ಹೌದು. ಕುರಿಯ ಉಣ್ಣೆಯನ್ನು ಕತ್ತರಿಸಿ, ಹೆಂಗಸರು ನೂತು, ಗಂಡಸರು ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸುವ ಕಂಬಳಿಯ ಕಸುಬು ಶಿರಾದಿಂದ ಹಿರಿಯೂರು, ಚಳ್ಳಕೆರೆಗಳವರೆಗೆ ಹಬ್ಬಿದ್ದ ಕುರುಬ ಸಮುದಾಯದ ಬದುಕು. ಕಂಬಳಿಗೆ ಆಚರಣೆಯಲ್ಲಿ ಸ್ಥಾನವಿದೆ. ಕರಿಕಂಬಳಿಯ ಗದ್ದಿಗೆ ಹಾಕದೆ ಕಾಡುಗೊಲ್ಲರಲ್ಲಾಗಲಿ ನಾಯಕರಲ್ಲಾಗಲಿ ಅನೇಕ ದೈವಕಾರ್ಯಗಳು ನಡೆಯವು. ಕಂಬಳಿಗೆ ಮೈಲಿಗೆಯಿಲ್ಲವೆಂಬ ನಂಬಿಕೆಯೂ ಉಂಟು. ಹೀಗಾಗಿ ಕಂಬಳಿ ಜಾನಪದ ಸಂಗ್ರಹಗಳಲ್ಲಿ, ಕುಲಕಸುಬುಗಳ ಅಧ್ಯಯನಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಜಾಗ ಪಡೆಯಿತು.

ಅದೇ ಮನೆಯ ಅದೇ ಮೂಲೆಯಲ್ಲಿ ಕಂಬಳಿಯ ಕೆಳಗೆ ಮಡಿಸಿಟ್ಟಿರುತ್ತಿದ್ದ ಇನ್ನೊಂದು ಹೊದಿಕೆಗೆ ಈ ಭಾಗ್ಯ ಒದಗಲಿಲ್ಲ. ಹಳೆಯ ಸೀರೆ, ಪಂಚೆ, ರವಿಕೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆ ಅದು. ಉತ್ತರ ಕರ್ನಾಟಕದಲ್ಲಿ ಅದು ಕೌದಿ. ಹಳಗನ್ನಡದ ಹತ್ತಿರದ ರೂಪದಲ್ಲಿ ಕವುದಿ. ತೆಲುಗಿನ ಬೊಂತ, ಕನ್ನಡದ ಬೊಂತೆ ಒಂದೇ ಮೂಲದ ಪದಗಳು. ಎರಡು ಭಾಷೆಗಳೂ ಬೆರೆತ ಪಾವಗಡ, ಮಧುಗಿರಿಯ ಗಡಿಯಲ್ಲಿ ಈ ಪದಕ್ಕೆ ಎರಡೂ ಕಡೆ ನೆಂಟಸ್ತಿಕೆ. ಸಂಸ್ಕೃತದ ಕಂಥಾ, ಬಂಗಾಳದ ಕಾಂಥಾ ಇದೇ ವಂಶದ ವಸ್ತುಗಳು. ನಾಥಪಂಥದ ಸಿದ್ಧರ ವೇಷದಲ್ಲಿ ಕರ್ಣಕುಂಡಲ, ದಂಡ, ಜೋಳಿಗೆಗಳ ಜೊತೆಗೆ ತೇಪೆಗಳ ಕಂಥೆಯೂ ಸೇರಿದ್ದಿತು ಎಂಬುದನ್ನು ನೆನೆದರೆ, ಸಿದ್ಧರ ಹೆಸರು ಹೊತ್ತ ಬೆಟ್ಟದ ಸುತ್ತಣ ಊರುಗಳಲ್ಲಿ ಈ ಹೊದಿಕೆಯ ಚರಿತ್ರೆಯನ್ನು ಹುಡುಕುವುದು ತೀರ ಅಸಂಗತವಾಗಲಾರದು. ಹನ್ನೆರಡನೆಯ ಶತಮಾನದ ವಚನಕಾರ್ತಿ ಬೊಂತಾದೇವಿಯ ಹೆಸರಿಗೆ ಆಕೆ ಹೊದ್ದ ಬೊಂತೆಯೇ ಕಾರಣವೆಂಬ ಐತಿಹ್ಯವಿದೆ. ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರನೂ ಆ ಕಾಲದವನೇ. ಸೂಜಿಯ ಕಾಯಕಕ್ಕೆ ಶರಣರು ಕೊಟ್ಟ ಮನ್ನಣೆ ಆಮೇಲಿನ ಶತಮಾನಗಳಲ್ಲಿ ಅದೇ ಪ್ರಮಾಣದಲ್ಲಿ ಉಳಿಯಲಿಲ್ಲ.

ಕೌದಿಯನ್ನು ವಿದ್ವಾಂಸರು ನೋಡದಿರಲು ಕಾರಣಗಳಿವೆ. ಅದು ಯಾವುದೇ ಒಂದು ಕುಲದ ಕಸುಬಲ್ಲ. ಎಲ್ಲ ಜಾತಿಯ ಬಡ ಹೆಂಗಸರೂ ಹೊಲಿಯುತ್ತಿದ್ದರು. ಅದಕ್ಕೆ ಮಾರುಕಟ್ಟೆಯಿರಲಿಲ್ಲ, ಸಂತೆಗೆ ಕಂಬಳಿ ಬರುತ್ತಿತ್ತು, ಕೌದಿ ಬರುತ್ತಿರಲಿಲ್ಲ. ಉಟ್ಟು ಬಿಟ್ಟ ಬಟ್ಟೆಯಿಂದಾದದ್ದರಿಂದ ಆಚರಣೆಯಲ್ಲೂ ಅದಕ್ಕೆ ಮೇಲಿನ ಸ್ಥಾನವಿರಲಿಲ್ಲ. ಬಾಣಂತಿಯ ಕೋಣೆಯಲ್ಲಿ ಮಾತ್ರ ಅದು ಮಾನ್ಯ: ಎಳೆಗೂಸನ್ನು ಹೊಸಬಟ್ಟೆಯಲ್ಲಿ ಮಲಗಿಸಬಾರದು, ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯಲ್ಲಿ ಮಲಗಿಸಬೇಕೆಂಬ ರೂಢಿ ಇಲ್ಲಿಯೂ ಇದೆ. ಕುಲವೃತ್ತಿ, ಆಚರಣೆ, ಹಾಡು, ಕಥೆ ಎಂಬ ಚೌಕಟ್ಟುಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಜಾನಪದ ಅಧ್ಯಯನಕ್ಕೆ ಈ ವಸ್ತು ಎಲ್ಲಿಯೂ ಸಿಗದೆ ಜಾರಿಹೋಯಿತು. ಕೈಯಿಂದ ಹೊಲಿದ ಕೌದಿಯದೇ ಈ ಕಥೆಯಾದರೆ ಮನೆಯಲ್ಲೊಂದು ಮಿಷನ್ ಇಟ್ಟುಕೊಂಡು ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸಿನ ಕಸುಬಿನ ಬಗ್ಗೆ ಹೇಳಬೇಕಾದುದೇ ಇಲ್ಲ. ಪ್ರಸ್ತುತ ಲೇಖನದ ಕಾಳಜಿ ಆ ಕಸುಬಿನದು.

ಮಿಷನ್ ಬಂದ ದಾರಿ

ಅಮೆರಿಕದ ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. 1870ರ ದಶಕದಿಂದ ಆ ಕಂಪನಿಯ ಯಂತ್ರಗಳು ಮುಂಬಯಿಯ ಮೂಲಕ ಭಾರತದಲ್ಲಿ ವ್ಯವಸ್ಥಿತವಾಗಿ ಮಾರಾಟವಾಗತೊಡಗಿದವು. ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿ ಅದರ ಯಶಸ್ಸಿನ ಗುಟ್ಟು. ಸೈಕಲ್, ಬೆರಳಚ್ಚು ಯಂತ್ರ, ಅಕ್ಕಿಗಿರಣಿಗಳ ಜೊತೆಗೆ ಹೊಲಿಗೆ ಯಂತ್ರವೂ ವಸಾಹತು ಕಾಲದ ಭಾರತದ ದಿನಬಳಕೆಯ ತಂತ್ರಜ್ಞಾನವಾಗಿ ನೆಲೆಗೊಂಡದ್ದನ್ನು ಇತಿಹಾಸಕಾರ ಡೇವಿಡ್ ಆರ್ನಾಲ್ಡ್ 2013ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಯಂತ್ರನಾಗರಿಕತೆಯ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರು 1924ರ ಒಂದು ಸಂವಾದದಲ್ಲಿ ಸಿಂಗರ್ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟದ್ದು ಪ್ರಸಿದ್ಧ ಸಂಗತಿ. ಹೆಂಡತಿ ಕೈಯಲ್ಲಿ ಹೊಲಿಯುವ ಶ್ರಮವನ್ನು ಕಂಡ ಗಂಡನ ಪ್ರೀತಿ ಆ ಯಂತ್ರದ ಹಿಂದಿತ್ತು ಎಂಬುದು ಅವರ ಸಮರ್ಥನೆ. ಆ ಪ್ರೀತಿಯ ಯಂತ್ರ ನಮ್ಮ ಹಳ್ಳಿಗಳಲ್ಲಿ ಹೆಂಡತಿಯ ಕೈಗೆ ಸಿಗಲು ಮಾತ್ರ ಮತ್ತೆ ಐವತ್ತು ವರ್ಷಗಳು ಹಿಡಿದವು.

ಏಕೆಂದರೆ ಮಿಷನ್ ಮೊದಲು ನೆಲೆಸಿದ್ದು ಗಂಡಸರ ಲೋಕದಲ್ಲಿ. ಜವಳಿ ಅಂಗಡಿಯ ಜಗಲಿಯೇ ದರ್ಜಿಯ ಜಾಗ. ಸಿಂಪಿಗರು, ಮುಸ್ಲಿಂ ದರ್ಜಿಗಳು ಹಬ್ಬ ಮದುವೆಗಳ ಕಾಲದಲ್ಲಿ ಅಂಗಿ, ಚಡ್ಡಿ, ರವಿಕೆ ಹೊಲಿಯುತ್ತಿದ್ದರು. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾದ ಕೇಂದ್ರವಾಗಿದ್ದ ಶಿರಾದಂಥ ಊರಿನಲ್ಲಿ ಬಟ್ಟೆಯ ಕುಶಲಕರ್ಮಿಗಳಿಗೆ ಹಿಂದಿನಿಂದಲೂ ಕೆಲಸವಿದ್ದಿರಬೇಕು. ಹತ್ತಿ ತುಂಬಿದ ಹಾಸಿಗೆ, ರಜಾಯಿಗಳು ಪಿಂಜಾರರ ಕ್ಷೇತ್ರ. ಬಿಲ್ಲಿನ ಹೆದೆಯನ್ನು ಮರದ ಕೊಡತಿಯಿಂದ ಮೀಟಿ ಹತ್ತಿ ಹಿಂಜುತ್ತಾ ಊರೂರು ಸುತ್ತುತ್ತಿದ್ದ ಅವರ ಕಸುಬು ಹಣವುಳ್ಳವರ ಮನೆಗೆ ಸೇರಿದ್ದು. ಹತ್ತಿ ಕೊಳ್ಳಲಾಗದ ಮನೆಯಲ್ಲಿ ಹತ್ತಿಯ ಜಾಗಕ್ಕೆ ಹಳೆಯ ಬಟ್ಟೆಯೇ ಬಂದಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಹುಟ್ಟಿದ್ದು ಇಂಥ ಮನೆಗಳಲ್ಲೇ ಇದ್ದೀತು. ಆದರೆ ಕೌದಿಯ ವಿಷಯದಲ್ಲಿ ಗಾದೆ ಪೂರ್ಣ ನಿಜವಲ್ಲ. ಮಕ್ಕಳು ಹೆಚ್ಚಿದಂತೆ ಅಂಚಿಗೆ ತುಂಡು ಸೇರಿಸಿ ಹಾಸಿಗೆಯನ್ನೇ ಚಾಚಬಹುದಾದ ಏಕೈಕ ಹೊದಿಕೆ ಅದು.

ಸ್ವದೇಶಿ ಯಂತ್ರಗಳ ತಯಾರಿಕೆ ಕೊಲ್ಕತ್ತದ ಜಯ್ ಇಂಜಿನಿಯರಿಂಗ್ ವರ್ಕ್ಸ್‌ನ ಉಷಾದೊಂದಿಗೆ 1930ರ ದಶಕದಲ್ಲಿ ಬೇರೂರಿತು. ಸ್ವಾತಂತ್ರ್ಯಾನಂತರ ಉಷಾ, ಮೆರಿಟ್ ಹಾಗೂ ಲುಧಿಯಾನದಲ್ಲಿ ತಯಾರಾಗುವ ಅನೇಕ ಅಗ್ಗದ ಯಂತ್ರಗಳು ತಾಲ್ಲೂಕು ಕೇಂದ್ರಗಳವರೆಗೆ ತಲುಪಿದವು. ಆದರೂ ಹೆಂಗಸಿನ ಹೆಸರಿನಲ್ಲಿ ಯಂತ್ರ ಮನೆಗೆ ಬಂದದ್ದು ಪ್ರಧಾನವಾಗಿ ಎರಡು ಬಾಗಿಲುಗಳಿಂದ. ಒಂದು, ಮದುವೆಯ ಬಳುವಳಿ. ಇನ್ನೊಂದು, ಸರ್ಕಾರ. 1979ರಲ್ಲಿ ಆರಂಭವಾದ ಗ್ರಾಮೀಣ ಯುವಜನರ ಸ್ವಯಂ ಉದ್ಯೋಗ ತರಬೇತಿ ಯೋಜನೆ (ಟ್ರೈಸೆಮ್), 1982ರಲ್ಲಿ ಬಂದ ಗ್ರಾಮೀಣ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಯೋಜನೆ (ಡ್ವಾಕ್ರಾ), 1999ರ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆ, 2000-01ರಲ್ಲಿ ಕರ್ನಾಟಕ ಸರ್ಕಾರ ತಂದ ಸ್ತ್ರೀಶಕ್ತಿ ಯೋಜನೆ ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಹೊಲಿಗೆಯನ್ನು ಹಳ್ಳಿಯ ಹೆಂಗಸಿನ ಸ್ವಯಂ ಉದ್ಯೋಗದ ಸಿದ್ಧ ಉತ್ತರವನ್ನಾಗಿ ಮಾಡಿಕೊಂಡವು. ಆಡಳಿತದ ಕಲ್ಪನಾಶಕ್ತಿಗೆ ಹೆಣ್ಣಿನ ಉದ್ಯೋಗವೆಂದರೆ ಹೊಲಿಗೆ, ಹಪ್ಪಳ, ಉಪ್ಪಿನಕಾಯಿಗಳಾಚೆಗೆ ಸುಲಭವಾಗಿ ತೋಚುವುದಿಲ್ಲ ಎಂಬ ಟೀಕೆ ಸರಿಯೇ. ಆದರೂ ಆ ಟೀಕೆಯ ನಡುವೆ ಒಂದು ಸಂಗತಿ ಮರೆಯಾಗಬಾರದು: ಸಾಲು ಸಾಲಾಗಿ ತರಬೇತಿ ಪಡೆದ ಹೆಂಗಸರೆಲ್ಲ ರವಿಕೆ ಹೊಲಿದು ಬದುಕಲು ಒಂದು ಊರಿನಲ್ಲಿ ಅಷ್ಟು ರವಿಕೆಗಳಿರುವುದಿಲ್ಲ. ಹೆಚ್ಚುವರಿ ಮಿಷನ್‌ಗಳಿಗೆ ಬೇರೆ ಕೆಲಸ ಬೇಕಾಯಿತು. ಕೌದಿಗೆ ಮಿಷನ್ ಸಿಕ್ಕಿದ್ದು ಹೀಗೆ. ಯಾವ ಯೋಜನೆಯ ಕೈಪಿಡಿಯೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ

ಕೈಯಲ್ಲಿ ಮಾಡುವುದನ್ನೇ ಮಿಷನ್ ಬೇಗ ಮಾಡುತ್ತದೆ ಎಂಬುದು ಹೊರಗಿನವರ ತಿಳಿವಳಿಕೆ. ಕೌದಿಯ ಮಟ್ಟಿಗೆ ಇದು ತಪ್ಪು. ಕೈಕೌದಿ ಹೊಲಿಯುವವಳು ಅಡಿಗೆ ಒಂದು ಹಳೆಯ ಸೀರೆ ಹಾಸಿ, ಅದರ ಮೇಲೆ ಪದರಗಳನ್ನು ಹರಡಿ, ಮೇಲ್ಭಾಗದ ತುಂಡುಗಳನ್ನು ಒಂದೊಂದಾಗಿ ಇಟ್ಟು, ಅಂಚು ಮಡಿಸಿ, ಎಲ್ಲ ಪದರಗಳನ್ನೂ ಒಮ್ಮೆಲೇ ಕೂಡಿಸುತ್ತಾ ಹೋಗುತ್ತಾಳೆ. ಸಾಮಾನ್ಯವಾಗಿ ಹೊರ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುವುದು ಕ್ರಮ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗದ ಸಿದ್ದಿ ಸಮುದಾಯದ ಹೆಂಗಸರೂ ಹೀಗೆಯೇ ಹೊಲಿಯುತ್ತಾರೆ. ಅವರು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಇಡುವ ಫೂಲ, ಅಂದರೆ ಹೂವು, ಇಲ್ಲದಿದ್ದರೆ ಕೌದಿ ಪೂರ್ಣವಾಗದು. ಕಲಾ ಇತಿಹಾಸಕಾರ ಹೆನ್ರಿ ಡ್ರುವಾಲ್ ಅವರ ಅಧ್ಯಯನದಿಂದಾಗಿ ಈ ಕೌದಿಗಳು 2011ರ ಹೊತ್ತಿಗೆ ಅಮೆರಿಕದ ಪ್ರದರ್ಶನಗಳನ್ನೂ ಮುಟ್ಟಿದವು. ಹೀಗೆ ಕೈಹೊಲಿಗೆಯಲ್ಲಿ ವಿನ್ಯಾಸ ಮೊದಲೇ ತೀರ್ಮಾನವಾಗಿರುವುದಿಲ್ಲ. ಮುಂದಿನ ತುಂಡು ಯಾವುದೆಂಬುದು ಈ ತುಂಡು ಮುಗಿದಾಗ ಗೊತ್ತಾಗುತ್ತದೆ.

ಮಿಷನ್‌ಗೆ ಈ ದಾರಿ ಒಗ್ಗದು. ಮನೆಬಳಕೆಯ ಮಿಷನ್ನಿನ ಸೂಜಿಗೂ ಅದರ ಕಂಬಕ್ಕೂ ನಡುವಿನ ಜಾಗ ಗೇಣಿನಷ್ಟೂ ಇಲ್ಲ. ಆರು ಮೊಳದ ಕೌದಿಯನ್ನು ಆ ಸಂದಿಯಲ್ಲಿ ತೂರಿಸಬೇಕು. ಅಂಚಿನಿಂದ ಸುತ್ತಿ ಬಂದರೆ ನಡುವೆ ಪದರಗಳು ಸರಿದು ಗಂಟಾಗಿ ಉಬ್ಬಿ ನಿಲ್ಲುತ್ತವೆ. ಆದ್ದರಿಂದ ಮಿಷನ್ನಿನವಳು ಕ್ರಮವನ್ನೇ ತಿರುಗಿಸಬೇಕಾಯಿತು. ತುಂಡುಗಳನ್ನು ಮೊದಲು ಒಂದಕ್ಕೊಂದು ಸೇರಿಸಿ ಮೇಲುಹಾಸು ತಯಾರಿಸುವುದು; ಆಮೇಲೆ ಅದನ್ನು ಪದರಗಳ ಮೇಲಿಟ್ಟು ದೊಡ್ಡ ದೊಡ್ಡ ಕೈಹೊಲಿಗೆಯಿಂದ ತಾತ್ಕಾಲಿಕವಾಗಿ ಬಂಧಿಸುವುದು; ಎರಡೂ ಬದಿಯಿಂದ ಚಾಪೆಯಂತೆ ಸುರುಳಿ ಸುತ್ತಿ, ನಡುವಿನ ಗೆರೆಯನ್ನು ಮೊದಲು ಹೊಲಿದು, ಸುರುಳಿ ಬಿಚ್ಚುತ್ತಾ ಅಂಚಿಗೆ ಸಾಗುವುದು. ಇಲ್ಲವೇ ಕೌದಿಯನ್ನು ಎರಡು ಮೂರು ಪಟ್ಟಿಗಳಾಗಿ ಬೇರೆ ಬೇರೆ ಹೊಲಿದು ಕೊನೆಗೆ ಜೋಡಿಸುವುದು. ಎಲ್ಲ ಕೌದಿಗಳನ್ನೂ ಈ ಎರಡು ಬಗೆಗಳಿಗೆ ಇಳಿಸಲಾಗದಾದರೂ ಮುಖ್ಯ ದಿಕ್ಕು ಇದೇ.

ಇದರ ಪರಿಣಾಮ ವಿನ್ಯಾಸದ ಮೇಲೂ ಆಯಿತು. ಸುತ್ತುಗಳು ಹೋಗಿ ಸಾಲುಗಳು ಬಂದವು. ಗೊತ್ತುಗುರಿಯಿಲ್ಲದ ತುಂಡುಗಳು ಹೋಗಿ ಅಳತೆಯ ಚೌಕಗಳು ಬಂದವು. ಇದನ್ನು ಸೃಜನಶೀಲತೆಯ ನಾಶವೆಂದು ಕೆಲವರು ಕರೆಯುತ್ತಾರೆ. ಚೌಕದೊಳಗೆ ಬಣ್ಣ ಕೂಡಿಸುವ ಜಾಣ್ಮೆ ಸುತ್ತಿನೊಳಗೆ ಕೂಡಿಸುವ ಜಾಣ್ಮೆಗಿಂತ ಕಡಿಮೆಯದೆಂದು ಹೇಳಲು ಆಧಾರವಿಲ್ಲ. ಬದಲಾದದ್ದು ಮುಖ್ಯವಾಗಿ ತೀರ್ಮಾನದ ಹೊತ್ತು. ಮಿಷನ್ನಿನವಳು ಎಲ್ಲ ತುಂಡುಗಳನ್ನೂ ನೆಲದ ಮೇಲೆ ಹರಡಿ, ನಿಂತು ನೋಡಿ, ಆಮೇಲೆ ಕೂರುತ್ತಾಳೆ.

ಮಿಷನ್ನಿನ ಕಷ್ಟಗಳು ಬೇರೆ. ಐದಾರು ಪದರಗಳ ದಪ್ಪಕ್ಕೆ ಸಾಮಾನ್ಯ ಸೂಜಿ ತಾಳದು; 16 ಅಥವಾ 18ನೇ ನಂಬರಿನ ಸೂಜಿ ಬೇಕು. ಬಟ್ಟೆಯನ್ನು ಒತ್ತಿಹಿಡಿಯುವ ಪಾದದ ಬಿಗಿ ಸಡಿಲಿಸಬೇಕು. ಬಾಬಿನ್ನಿನ ದಾರ ಸಾಲಿನ ನಡುವೆ ಮುಗಿದರೆ ಆ ಸಾಲು ಬಿಚ್ಚಿ ಮತ್ತೆ ಹಾಕಬೇಕು. ಕೌದಿಯ ಭಾರ ಮೇಜಿನಿಂದ ಕೆಳಗೆ ಜಗ್ಗದಂತೆ ಪಕ್ಕದಲ್ಲೊಂದು ಮಂಚವನ್ನೋ ಪೆಟ್ಟಿಗೆಯನ್ನೋ ಇಟ್ಟುಕೊಳ್ಳಬೇಕು. ಹಳೆಯ ಬಟ್ಟೆಯ ಧೂಳು ಮೂಗಿಗೆ, ಕಾಲುತುಳಿತ ಸೊಂಟಕ್ಕೆ. ತಿಂಗಳುಗಟ್ಟಲೆ ಬಿಡುವಿನಲ್ಲಿ ಸಾಗುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿದದ್ದು ನಿಜ; ಆ ಒಂದೆರಡು ದಿನ ಬಿಡುವಿನ ದಿನಗಳಾಗಿ ಉಳಿಯಲಿಲ್ಲ. ಕೈಕೌದಿ ಕಟ್ಟೆಯ ಮೇಲೆ ನಾಲ್ವರ ಮಾತಿನ ನಡುವೆ ಸಾಗುತ್ತಿತ್ತು. ಮಿಷನ್ ಗೋಡೆಯತ್ತ ಮುಖ ಮಾಡಿಸಿತು, ಸದ್ದಿನಿಂದ ಮಾತನ್ನೂ ದೂರವಿಟ್ಟಿತು. ಎಳೆಗೂಸಿನ ಹಾಸಿಗೆಗೆ ಮಾತ್ರ ಕೈಹೊಲಿಗೆಯೇ ಬೇಕೆನ್ನುವ ಮನೆಗಳು ಇಂದಿಗೂ ಇವೆ; ಮಿಷನ್ನಿನ ಬಿಗಿಹೊಲಿಗೆ ಮೈಗೆ ಒತ್ತುತ್ತದೆ ಎಂಬುದು ಕಾರಣ.

ಬಟ್ಟೆಯ ಬದಲಾವಣೆ

ಕಸುಬಿನ ಚರಿತ್ರೆಯಲ್ಲಿ ಯಂತ್ರದಷ್ಟೇ, ಒಂದು ದೃಷ್ಟಿಯಿಂದ ಯಂತ್ರಕ್ಕಿಂತ ಹೆಚ್ಚಾಗಿ, ಬಟ್ಟೆಯ ಪಾತ್ರವಿದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯ ಮೊದಲ ಅರ್ಧ ಕೌದಿಗೂ ಸಲ್ಲುತ್ತದೆ. ಮಗ್ಗದ ಹತ್ತಿಸೀರೆ ಹಳೆಯದಾದಂತೆ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ, ಪದರಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. 1970ರ ದಶಕದಿಂದೀಚೆಗೆ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿಯ ಹೆಂಗಸಿನ ದಿನಬಳಕೆಗೆ ಬಂದವು. ಅಗ್ಗ, ಬಾಳಿಕೆ, ಒಗೆದರೆ ಬೇಗ ಒಣಗುವ ಗುಣ, ನೀರಿಲ್ಲದ ಪಾವಗಡದಂಥ ಕಡೆ ಅದು ಸಣ್ಣ ಸಂಗತಿಯಲ್ಲ. ಆದರೆ ಈ ಸೀರೆಗಳಿಂದ ಕೌದಿ ಹೊಲಿದರೆ ಪದರಗಳು ಜಾರುತ್ತವೆ. ಕೈಯ ಸಡಿಲ ಹೊಲಿಗೆ ಅವುಗಳನ್ನು ಹಿಡಿಯಲಾರದು. ಬಿಗಿಯಾದ ಎರಡೆಳೆಯ ಮಿಷನ್ ಹೊಲಿಗೆ ಹಿಡಿಯಬಲ್ಲದು. ಹೀಗಾಗಿ ಕೈಹೊಲಿಗೆ ಹಿಂದೆ ಸರಿದದ್ದಕ್ಕೆ ಹೆಂಗಸರ ಸೋಮಾರಿತನವನ್ನಾಗಲಿ ಟಿ.ವಿ.ಯನ್ನಾಗಲಿ ದೂರುವ ಮೊದಲು ಸೀರೆಯ ನೂಲನ್ನು ನೋಡಬೇಕು.

ಎರಡನೆಯ ಬದಲಾವಣೆ ಬೆಂಗಳೂರಿನಿಂದ ಬಂದಿತು. 1974ರಿಂದ 2004ರ ಕೊನೆಯವರೆಗೆ ಜಾರಿಯಲ್ಲಿದ್ದ ಬಹುನೂಲು ಒಪ್ಪಂದದ ಕೋಟಾ ವ್ಯವಸ್ಥೆಯ ಕಾಲದಲ್ಲಿ ಬೆಂಗಳೂರು ಸಿದ್ಧ ಉಡುಪಿನ ರಫ್ತಿನ ದೊಡ್ಡ ಕೇಂದ್ರವಾಗಿ ಬೆಳೆಯಿತು. ಕಾರ್ಖಾನೆಗಳ ಕತ್ತರಿಮೇಜಿನಿಂದ ಉದುರುವ ತುಂಡುಗಳು ಚಿಂದಿಯಾಗಿ, ತೂಕದ ಲೆಕ್ಕದಲ್ಲಿ ಮಾರಾಟವಾಗತೊಡಗಿದವು. ಅದುವರೆಗೆ ಕೌದಿಗೆ ಬಟ್ಟೆ ಬರುತ್ತಿದ್ದದ್ದು ಮನೆಯೊಳಗಿಂದ. ಈಗ ಮೂಟೆಯಲ್ಲಿ ಬಂದಿತು. ಕೌದಿಯ ಕಸುಬು ಒಂದು ವ್ಯಾಪಾರವಾದದ್ದು ನಿಜವಾಗಿ ಈ ಹಂತದಲ್ಲಿ. ಬಂಡವಾಳ, ಸಾಗಣೆ, ಸಾಲ, ಉಳಿದ ಮಾಲು ಎಂಬ ಮಾತುಗಳು ಮನೆಯೊಳಕ್ಕೆ ಬಂದವು. ಒಂದೇ ಮೂಟೆಯಲ್ಲಿ ಒಂದೇ ಬಗೆಯ ಅಂಗಿಬಟ್ಟೆ ನೂರಾರು ತುಂಡು ಬಂದರೆ ಊರಿನ ಹತ್ತು ಮನೆಯ ಕೌದಿಗಳಲ್ಲಿ ಒಂದೇ ಗೆರೆ, ಒಂದೇ ಬಣ್ಣ ಕಾಣುತ್ತವೆ. ಯಾರ ಮೈಮೇಲೂ ಏರದ, ಯಾವ ನೆನಪೂ ಇಲ್ಲದ ಬಟ್ಟೆ ಅದು.

ಮೂರನೆಯದು ಜನರ ಚಲನೆ. ಚಿಂದಿ ಬಂದ ದಾರಿಯಲ್ಲೇ ಹೆಣ್ಣುಮಕ್ಕಳು ಹೋದರು. ಬರದ ವರ್ಷಗಳಲ್ಲಿ ಈ ತಾಲ್ಲೂಕುಗಳಿಂದ ಪೀಣ್ಯ ಮತ್ತಿತರ ಕಡೆಯ ಗಾರ್ಮೆಂಟ್ಸ್‌ಗೆ ಸೇರಿದವರು ಕಡಿಮೆಯಿಲ್ಲ. ಅಲ್ಲಿ ಅವರು ಕಲಿತದ್ದು ಜುಕಿಯಂಥ ವೇಗದ ಯಂತ್ರಗಳನ್ನು ಓಡಿಸುವುದನ್ನು, ಗಂಟೆಗಿಷ್ಟು ತುಂಡು ಎಂಬ ಗುರಿಯನ್ನು. ಇಡೀ ಅಂಗಿಯನ್ನು ಹೊಲಿಯಲು ಮಾತ್ರ ಅವರು ಕಲಿಯಲಿಲ್ಲ. ಕಾಲರಿನವಳು ಕಾಲರನ್ನೇ, ಜೇಬಿನವಳು ಜೇಬನ್ನೇ ಹೊಲಿಯುತ್ತಾ ವರ್ಷಗಳು ಕಳೆದವು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವ ನಿಯಮವನ್ನು ಬಿಗಿಗೊಳಿಸಿದಾಗ ಬೆಂಗಳೂರಿನ ರಸ್ತೆಗಳಿಗೆ ಇಳಿದು, ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಳ್ಳುವಂತೆ ಮಾಡಿದವರು ಈ ಹೆಣ್ಣುಮಕ್ಕಳೇ. ಮದುವೆ, ಹೆರಿಗೆ, ಅತ್ತೆಮಾವಂದಿರ ಆರೈಕೆಯ ಕಾರಣಕ್ಕೆ ಊರಿಗೆ ಮರಳಿದವರಿಗೆ ಆ ನಿಧಿಯ ಹಣವೇ ಮನೆಯಲ್ಲೊಂದು ಮಿಷನ್ ಇಡಲು ಇದ್ದ ಬಂಡವಾಳವೆಂಬುದನ್ನು ಗಮನಿಸಿದರೆ ಆ ಸಿಟ್ಟಿನ ಅರ್ಥ ಸ್ಪಷ್ಟವಾಗುತ್ತದೆ.

ಲೆಕ್ಕಕ್ಕೆ ಸಿಗದ ಕೆಲಸ

ಮನೆಯಲ್ಲಿ ಕೌದಿ ಹೊಲಿಯುವವಳಿಗೆ ಎರಡು ಬಗೆಯ ಗಿರಾಕಿಗಳು. ತಮ್ಮ ಹಳೆಯ ಸೀರೆಗಳನ್ನು ತಾವೇ ತಂದು ಹೊಲಿಗೆಯ ಕೂಲಿ ಕೊಡುವವರು ಒಂದು ಬಗೆ. ಚಿಂದಿ ಕೊಟ್ಟು ಕೌದಿ ಒಯ್ಯುವ, ಇಲ್ಲವೇ ಸಿದ್ಧ ಕೌದಿಯನ್ನು ಸಗಟಾಗಿ ಕೊಳ್ಳುವ ವ್ಯಾಪಾರಿ ಇನ್ನೊಂದು ಬಗೆ. ಮೊದಲನೆಯದರಲ್ಲಿ ಮುಲಾಜು ಹೆಚ್ಚು. ಅತ್ತಿಗೆ, ದೊಡ್ಡಮ್ಮ, ಓರಗಿತ್ತಿಯ ತವರಿನವರು ಎಂದು ಬರುವವರ ಹತ್ತಿರ ಕೂಲಿ ಹೇಳುವುದೇ ಕಷ್ಟ. ದಾರದ ಕಾಸಾದರೂ ಕೊಡಿ ಎನ್ನುವಲ್ಲಿಗೆ ಚೌಕಾಸಿ ಮುಗಿಯುತ್ತದೆ. ಎರಡನೆಯದರಲ್ಲಿ ಮುಲಾಜಿಲ್ಲ, ದರವೂ ಅವಳದಲ್ಲ. ದಾರ, ಸೂಜಿ, ಎಣ್ಣೆ, ರಿಪೇರಿ, ಕರೆಂಟು ಅವಳ ಪಾಲಿಗೆ. ಕೌದಿಯ ಬೆಲೆ ವ್ಯಾಪಾರಿಯ ಪಾಲಿಗೆ. ಮನೆಯೇ ಕಾರ್ಖಾನೆಯಾದುದರಿಂದ ಬಾಡಿಗೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅಡುಗೆ, ಹಸುವಿನ ಕೆಲಸ, ಮಕ್ಕಳ ಶಾಲೆಯ ನಡುವೆ ಹರಿದುಹಂಚಿದ ಗಂಟೆಗಳನ್ನು ಅವಳೂ ಲೆಕ್ಕ ಹಾಕುವುದಿಲ್ಲ.

ಸರ್ಕಾರವೂ ಬಹುಕಾಲ ಹಾಕಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ಕೋಷ್ಟಕಗಳಲ್ಲಿ ಮನೆಗೆಲಸದಲ್ಲಿ ತೊಡಗಿದವರು ದುಡಿಮೆಗಾರರ ವರ್ಗದ ಹೊರಗೆ ಬರುತ್ತಾರೆ. ಅದೇ ಸಮೀಕ್ಷೆ, ಹಾಗೆ ಹೊರಗಿಟ್ಟ ಹೆಂಗಸರನ್ನೇ, ಮನೆಯ ಬಳಕೆಗೆ ಹೊಲಿಗೆ, ನೇಯ್ಗೆ ಮಾಡುತ್ತೀರಾ ಎಂದು ಪ್ರತ್ಯೇಕವಾಗಿ ಕೇಳಿಯೂ ಇದೆ. ತನಗಾಗಿ ಹೊಲಿದ ಕೌದಿ ಮನೆಗೆಲಸ, ಪಕ್ಕದ ಮನೆಗೆ ಹೊಲಿದ ಕೌದಿ ಉದ್ಯೋಗ ಎಂಬ ಗೆರೆ ಕಾಗದದ ಮೇಲೆ ಸರಳ. ಒಂದೇ ಮಧ್ಯಾಹ್ನ ಎರಡನ್ನೂ ಹೊಲಿಯುವವಳ ಉತ್ತರ ಹೆಚ್ಚಾಗಿ ‘ಮನೇಲೇ ಇದೀನಿ’ ಎಂದೇ ಇರುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. 1972ರಲ್ಲಿ ಇಳಾ ಭಟ್ ಅವರು ಅಹಮದಾಬಾದಿನಲ್ಲಿ ಸ್ಥಾಪಿಸಿದ ಸೇವಾ ಸಂಘಟನೆ ಆ ದಶಕದಲ್ಲೇ ಮಿಲ್ಲುಗಳ ಚಿಂದಿಯಿಂದ ಮನೆಯಲ್ಲಿ ಮಿಷನ್ ಮೇಲೆ ರಜಾಯಿಯ ಹೊದಿಕೆ ಹೊಲಿಯುತ್ತಿದ್ದ ಮುಸ್ಲಿಂ ಹೆಂಗಸರನ್ನು ಒಟ್ಟುಗೂಡಿಸಿತು. ವ್ಯಾಪಾರಿಗಳ ಜೊತೆ ಕೂಲಿಯ ಜಗಳ, ಕೆಲಸ ಕೊಡುವುದನ್ನೇ ನಿಲ್ಲಿಸಿದ ವ್ಯಾಪಾರಿಗಳು, ಕೊನೆಗೆ ಹೆಂಗಸರದೇ ಸಹಕಾರ ಸಂಘ: ಹೀಗೆ ಸಾಗಿತು ಅದರ ದಾರಿ. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರ ಕುರಿತ 177ನೇ ಒಡಂಬಡಿಕೆಯನ್ನು ಅಂಗೀಕರಿಸಿದ್ದರ ಹಿಂದೆ ಸೇವಾದಂಥ ಸಂಘಟನೆಗಳ ಒತ್ತಾಯವಿತ್ತು. ಭಾರತ ಅದನ್ನು ಅನುಮೋದಿಸಲಿಲ್ಲ. ಅಹಮದಾಬಾದಿನಲ್ಲಿ ಅದು ಸಾಧ್ಯವಾದದ್ದು ಹೊಲಿಯುವವರೆಲ್ಲ ಒಂದೇ ಬೀದಿಯಲ್ಲಿ, ಒಂದೇ ವ್ಯಾಪಾರಿಯ ಕೆಳಗೆ ಇದ್ದುದರಿಂದ. ಸಿದ್ದರಬೆಟ್ಟದ ಸೀಮೆಯಲ್ಲಿ ಒಂದು ಊರಿಗೆ ಒಬ್ಬಿಬ್ಬರು. ಸ್ತ್ರೀಶಕ್ತಿ ಸಂಘಗಳು ಉಳಿತಾಯಕ್ಕೆ, ಸಾಲಕ್ಕೆ ನೆರವಾದವು. ದರ ನಿಗದಿಗೆ ಕೂಡಿದ ಸಂಘಗಳಾಗಲಿಲ್ಲ.

ಇತ್ತೀಚಿನ ದಶಕ

2016ರ ನವೆಂಬರ್ 8ರ ನೋಟು ರದ್ದತಿ ಚಿಲ್ಲರೆ ಹಣದಲ್ಲೇ ನಡೆಯುವ ಈ ಕಸುಬನ್ನು ನೇರವಾಗಿ ತಟ್ಟಿತು. ಬೆನ್ನಿಗೆ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. ಮನೆಯ ಕೌದಿ ವ್ಯಾಪಾರದ ವಹಿವಾಟು ನೋಂದಣಿಯ ಮಿತಿಗೆ ಎಂದೂ ಏರುವುದಿಲ್ಲವಾದ್ದರಿಂದ ತೆರಿಗೆಯ ತೊಂದರೆಯಿಲ್ಲ ಎನ್ನಬಹುದಿತ್ತು. ಆದರೆ ಆನ್‌ಲೈನ್ ಮಾರಾಟ ತಾಣಗಳಲ್ಲಿ ಸರಕು ಮಾರುವವರಿಗೆ ಮಿತಿಯ ವಿನಾಯಿತಿ ಇರಲಿಲ್ಲ. ರಾಜ್ಯದೊಳಗಿನ ಮಾರಾಟಕ್ಕೆ ಈ ಕಡ್ಡಾಯ ಸಡಿಲವಾದದ್ದು 2023ರ ಅಕ್ಟೋಬರ್ 1ರಿಂದ. ಆರು ವರ್ಷಗಳ ಕಾಲ ಹಳ್ಳಿಯ ಕೌದಿಗೂ ನಗರದ ಕೊಳ್ಳುವವರಿಗೂ ನಡುವೆ ನೋಂದಾಯಿತ ಮಧ್ಯವರ್ತಿ ಅನಿವಾರ್ಯವಾಗಿ ಉಳಿದುದಕ್ಕೆ ಇದೊಂದು ಕಾರಣ.

2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಚಿಂದಿಯ ಮೂಟೆ ನಿಂತಿತು, ಸಂತೆ ನಿಂತಿತು. ಗಾರ್ಮೆಂಟ್ಸ್ ಮುಚ್ಚಿ ಹೆಣ್ಣುಮಕ್ಕಳು ಊರಿಗೆ ಬಂದರು. ಆಗ ಮನೆಯ ಮಿಷನ್‌ಗಳು ಮುಖಗವಸು ಹೊಲಿದವು. ರಾಜ್ಯದ ಸ್ವಸಹಾಯ ಸಂಘಗಳು ದೊಡ್ಡ ಪ್ರಮಾಣದಲ್ಲಿ ಈ ಕೆಲಸದಲ್ಲಿ ತೊಡಗಿದವು. ಕೌದಿಗೆ ಒದಗದ ತುಂಡುಬಟ್ಟೆಗೆ ಕೆಲವು ತಿಂಗಳು ಬೆಲೆ ಬಂದದ್ದು ವಿಚಿತ್ರವಾದರೂ ನಿಜ.

ವಿದ್ಯುತ್ತಿನ ಕಥೆಯೂ ಇಲ್ಲಿ ಸೇರಬೇಕು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರವಿದ್ಯುತ್ ಪಾರ್ಕ್ ತಲೆಯೆತ್ತಿತು. ಅದರ ಸಾಮರ್ಥ್ಯ 2,000 ಮೆಗಾವಾಟ್‌ಗೂ ಮಿಗಿಲು. ಭೂಮಿಯಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಬಂದಿತು. ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಭೂಹೀನ ಹೆಂಗಸರಿಗೆ ಕೂಲಿ ಹೋಯಿತು. ಕಾಲಿನ ಮಿಷನ್‌ಗೆ ಸಣ್ಣ ಮೋಟಾರು ಕೂಡಿಸಿಕೊಂಡವರಿಗೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಅನುಕೂಲ ಮಾಡಿತು. ಅದೇ ವರ್ಷದ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಿಂದ ಚಿಂದಿ ತರಲು ಗಂಡನನ್ನೋ ಮಗನನ್ನೋ ಕಳಿಸಬೇಕಾದ ಅಗತ್ಯ ತಪ್ಪಿತು. ಬಟ್ಟೆಯನ್ನು ತಾನೇ ಮುಟ್ಟಿನೋಡಿ ಆರಿಸುವ ಸ್ವಾತಂತ್ರ್ಯ ಇಂಥ ಕಸುಬಿನಲ್ಲಿ ಅರ್ಧ ಲಾಭ. ಇನ್ನೊಂದು ಕಡೆ ಕಿರುಸಾಲ ಕಂಪನಿಗಳ ವಸೂಲಿಯ ಕಾಟ ಹೆಚ್ಚಿ, ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿಗೆ ಹೊಂದುವಂತೆ ಕೌದಿಗಳ ಗಿರಾಕಿ ವಾರವಾರ ಬರುವುದಿಲ್ಲ. ಚಳಿಗಾಲದ ಕಸುಬಿಗೆ ವರ್ಷಪೂರ್ತಿಯ ಸಾಲ ಸರಿಹೊಂದದೆಂಬುದು ಸಾಲ ಕೊಡುವವರಿಗೂ ತಿಳಿಯದ ಮಾತಲ್ಲ.

ಪೈಪೋಟಿಯಂತೂ ತೀವ್ರ. ಸೊಲ್ಲಾಪುರದ ಚಾದರಗಳು ಹಿಂದಿನಿಂದಲೂ ಇದ್ದವು. ಈಗ ಹಳೆಯ ಉಣ್ಣೆಬಟ್ಟೆಗಳನ್ನು ಮರುನೂತು ಮಾಡುವ ಪಾಣಿಪತ್ತಿನ ಅಗ್ಗದ ರಗ್ಗುಗಳು, ನುಣುಪಾದ ಮಿಂಕ್ ಹೊದಿಕೆಗಳು ಸಂತೆಗಳಿಗೂ ಬಂದಿವೆ. ಕಂಬಳಿಯನ್ನು ಮೂಲೆಗೆ ತಳ್ಳಿದ್ದು ಇವೇ. ಕೌದಿ ಅಷ್ಟರಮಟ್ಟಿಗೆ ಸೋಲದಿರುವುದಕ್ಕೆ ಕಾರಣ ಅದರ ಕಚ್ಚಾವಸ್ತು ಗಿರಾಕಿಯ ಪೆಟ್ಟಿಗೆಯಲ್ಲೇ ಇರುವುದು.

ಕರಕುಶಲವೂ ಅಲ್ಲ, ದರ್ಜಿಗೆಲಸವೂ ಅಲ್ಲ

ಈ ದಶಕಗಳಲ್ಲೇ ನಗರದ ಅಭಿರುಚಿ ಕೌದಿಯನ್ನು ಕಂಡುಕೊಂಡಿತು. ಸುಧಾ ಮೂರ್ತಿಯವರ 2017ರ ಪುಸ್ತಕದ ಶೀರ್ಷಿಕೆಯಲ್ಲಿರುವ ಮೂರು ಸಾವಿರ ಹೊಲಿಗೆಗಳು ಉತ್ತರ ಕರ್ನಾಟಕದ ಮಾಜಿ ದೇವದಾಸಿಯರು ಪ್ರೀತಿಯಿಂದ ಹೊಲಿದುಕೊಟ್ಟ ಹೊದಿಕೆಯವು. ಕೌದಿ ಪರಂಪರೆಯಾಯಿತು, ಮರುಬಳಕೆಯ ಆದರ್ಶವಾಯಿತು, ಬೆಲೆ ಪಡೆಯಿತು. ಆದರೆ ಈ ಮನ್ನಣೆ ಕೈಹೊಲಿಗೆಗೆ ಮಾತ್ರ. ಕರಕುಶಲ ವಸ್ತುವೆಂದರೆ ಪ್ರಧಾನವಾಗಿ ಕೈಯಿಂದಾದದ್ದು ಎಂಬ ವ್ಯಾಖ್ಯೆಯ ಮೇಲೆ ಕುಶಲಕರ್ಮಿಯ ಗುರುತಿನ ಚೀಟಿ, ಮೇಳದ ಮಳಿಗೆ, ಪ್ರಶಸ್ತಿಗಳು ನಿಂತಿವೆ. ಮಿಷನ್ ಕೌದಿ ಅಲ್ಲಿಗೆ ಸಲ್ಲದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯಿದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಉಂಟು. ಕೌದಿ ಹೊಲಿಯುವವಳು ಅದನ್ನು ಪಡೆಯಬೇಕಾದರೆ ದರ್ಜಿಯೆಂದೇ ಬರೆಸಿಕೊಳ್ಳಬೇಕು. ಅಂಗಿಯ ಅಳತೆಯನ್ನೇ ಕಲಿಯದ, ಆದರೆ ಆರು ಪದರಗಳ ಬಟ್ಟೆಯನ್ನು ಸುಕ್ಕಿಲ್ಲದೆ ಸೂಜಿಯಡಿ ಸಾಗಿಸಬಲ್ಲ ಆಕೆಯ ಕೌಶಲಕ್ಕೆ ಪಟ್ಟಿಯಲ್ಲಿ ಹೆಸರಿಲ್ಲ.

ಜಾನಪದ ವಿದ್ವತ್ತಿನ ಪಾಲೂ ಇದರಲ್ಲಿದೆ. ಬೀಸುಕಲ್ಲು ನಿಂತು ಗಿರಣಿ ಬಂದಾಗ ಬೀಸುವ ಪದಗಳು ನಿಂತವೆಂದು ನಾವೆಲ್ಲ ಶೋಕಿಸಿದ್ದೇವೆ; ಗಿರಣಿಯ ಸರದಿಯಲ್ಲಿ ಕುಳಿತ ಹೆಂಗಸರು ಏನು ಮಾತಾಡಿದರೆಂದು ಯಾರೂ ಬರೆದಿಡಲಿಲ್ಲ. ಯಂತ್ರ ಮುಟ್ಟಿದೊಡನೆ ಜನಪದ ಮುಗಿಯಿತೆಂಬ ಈ ಎಣಿಕೆಯಿಂದ ಕಳೆದ ನಲವತ್ತು ವರ್ಷಗಳ ಮಿಷನ್ ಕೌದಿಗಳು ದಾಖಲೆಯೇ ಇಲ್ಲದೆ ಹರಿದು ಒರೆಸುಬಟ್ಟೆಯಾಗಿವೆ. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಹೊಲಿದ ಕಣದ ಹಾಸುಗಳೂ ಇದೇ ಮಿಷನ್‌ಗಳಿಂದ ಬಂದವು. ಅವುಗಳ ಮಾದರಿಯನ್ನೂ ಯಾರೂ ಕೂಡಿಡಲಿಲ್ಲ.

ಚಿಂದಿಯ ಕೌದಿಗಳು ಎಷ್ಟೇ ಹೆಚ್ಚಿದರೂ ಬಟ್ಟೆ ತಂದುಕೊಟ್ಟು ಹೊಲಿಸುವ ಗಿರಾಕಿ ಇಲ್ಲವಾಗಿಲ್ಲ. ಅದರಲ್ಲೂ ತೀರಿಕೊಂಡ ತಾಯಿಯ ಸೀರೆಗಳನ್ನು ಗಂಟುಕಟ್ಟಿ ತಂದು, ಅಕ್ಕತಂಗಿಯರಿಗೆಲ್ಲ ಒಂದೊಂದು ಕೌದಿ ಬೇಕೆಂದು ಕೇಳುವವರ ಕೆಲಸ ಬೇರೆಯದೇ ಬಗೆಯದು. ಮೂವರು ಹೆಣ್ಣುಮಕ್ಕಳಿದ್ದರೆ ಪ್ರತಿ ಸೀರೆಯನ್ನೂ ಮೂರಾಗಿ ಕತ್ತರಿಸಬೇಕು. ಧಾರೆಯ ಸೀರೆಯ ಸೆರಗು ಒಬ್ಬಳಿಗೇ ಹೋಗಬಾರದು. ಹಳೆಯ ನೂಲು ಮಿಷನ್ನಿನ ಬಿಗಿಗೆ ಹರಿಯುವಂತಿದ್ದರೆ ಆ ತುಂಡಿನ ಕೆಳಗೆ ಗಟ್ಟಿಬಟ್ಟೆಯ ಒತ್ತು ಕೊಡಬೇಕು. ದರ್ಜಿ ಬಟ್ಟೆ ಕದಿಯುತ್ತಾನೆಂಬ ಹಳೆಯ ಮಾತು ಊರಿನಲ್ಲಿ ಇದ್ದೇ ಇದೆ. ಆದ್ದರಿಂದ ಕೌದಿಗಳ ಜೊತೆಗೆ ಉಳಿದ ಚೂರುಗಳನ್ನೂ, ಬೆರಳಗಲದವನ್ನೂ ಬಿಡದೆ, ಬಂದ ಗಂಟಿನ ಬಟ್ಟೆಯಲ್ಲೇ ಕಟ್ಟಿ ಹಿಂದಕ್ಕೆ ಕೊಡುವುದು ಈ ಕಸುಬಿನ ಕ್ರಮ.